ಸತ್ತವರು ಒಬ್ಬರೂ ಇಲ್ಲವಂತೆ!

2021ರ ಜುಲೈ 28, ಬುಧವಾರ. ದೆಹಲಿಯ ರಾಜ್ಯಸಭೆಯಲ್ಲಿ ಆ ದಿನ ಒಂದು ಪ್ರಶ್ನೆ ಬಂತು. ಕೇಳಿದವರು ನಮ್ಮ ನಾಡಿನ ಇಬ್ಬರು. ಒಬ್ಬರು ವಿರೋಧ ಪಕ್ಷದ ನಾಯಕ ಮಲ್ಲಿಕಾರ್ಜುನ ಖರ್ಗೆ. ಇನ್ನೊಬ್ಬರು ಕವಿ ಎಲ್. ಹನುಮಂತಯ್ಯ. ಹಿಂದಿನ ಐದು ವರ್ಷಗಳಲ್ಲಿ ಒಳಚರಂಡಿಗೂ ಸೆಪ್ಟಿಕ್ ಟ್ಯಾಂಕಿಗೂ ಇಳಿದು ಶುಚಿ ಮಾಡುವಾಗ ಮಲ ಬಾಚುವ ಜನ ಎಷ್ಟು ಮಂದಿ ಸತ್ತರು? ಪ್ರಶ್ನೆ ಇಷ್ಟೇ. ಇದಕ್ಕೆ ದೊಡ್ಡ ಪಾಂಡಿತ್ಯ ಬೇಕಿಲ್ಲ. ಹೆಣ ಎಣಿಸಲು ಬಂದರೆ ಸಾಕು.

ಸಾಮಾಜಿಕ ನ್ಯಾಯ ಖಾತೆಯ ರಾಜ್ಯ ಸಚಿವ ರಾಮದಾಸ್ ಅಠವಳೆ ಲಿಖಿತ ಉತ್ತರ ಕೊಟ್ಟರು. ಮಲ ಬಾಚುವ ಕೆಲಸದಿಂದ ಸಾವು ಆಗಿರುವುದು ವರದಿಯಾಗಿಲ್ಲ ಎಂಬುದು ಆ ಉತ್ತರದ ಸಾರ. ಅಂದರೆ ಸೊನ್ನೆ. ಒಬ್ಬನೂ ಸತ್ತಿಲ್ಲ.

ಉತ್ತರದ ಕಾಗದ ಸದನದ ಮುಂದೆ ಬಂತು, ಕಡತಕ್ಕೆ ಸೇರಿತು. ದೆಹಲಿಯಲ್ಲಿ ಒಂದು ದಿನದ ಕಲಾಪ ಮುಗಿಯಿತು. ಕೇರಿಗಳಲ್ಲಿ ಗಂಡನನ್ನು ಕಳಕೊಂಡ ಹೆಂಗಸರು, ಅಪ್ಪನನ್ನು ಕಳಕೊಂಡ ಮಕ್ಕಳು ಮಾತ್ರ ಹಾಗೇ ಉಳಿದರು. ಅವರ ಮನೆಯ ಗೋಡೆಯ ಮೇಲೆ ತೂಗುಹಾಕಿದ ಫೋಟೋಕ್ಕೆ ಹಾರ ಇದೆ. ಸರ್ಕಾರದ ಕಾಗದದಲ್ಲಿ ಸಾವು ಇಲ್ಲ.

ಇದೇ ಖಾತೆ ಅದೇ ವರ್ಷದ ಫೆಬ್ರವರಿಯಲ್ಲಿ ಲೋಕಸಭೆಗೆ ಬೇರೆ ಲೆಕ್ಕ ಕೊಟ್ಟಿತ್ತು. 2020ರ ಡಿಸೆಂಬರ್ 31ಕ್ಕೆ ಮುಗಿದ ಐದು ವರ್ಷಗಳಲ್ಲಿ ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕ್ ಶುಚಿ ಮಾಡುತ್ತಾ ಸತ್ತವರು 340 ಜನ ಅಂತ. ಫೆಬ್ರವರಿಯಲ್ಲಿ 340, ಜುಲೈಯಲ್ಲಿ ಸೊನ್ನೆ. ಈ ನಡುವೆ ಆ 340 ಜನ ಎದ್ದು ಮೈ ಕೊಡವಿಕೊಂಡು ಮನೆಗೆ ಹೋದರೇ? ಜುಲೈ ಕಳೆದು ಆಗಸ್ಟ್ ಬಂತು. ಸೊನ್ನೆಯ ಬಗ್ಗೆ ಗಲಾಟೆ ಎದ್ದಿತ್ತು. ಆಗ ಅದೇ ಖಾತೆಯ ಸಚಿವ ವೀರೇಂದ್ರ ಕುಮಾರ್ ರಾಜ್ಯಸಭೆಗೆ ಹೇಳಿದ್ದೇನು? ಮಲ ಬಾಚುವುದರಿಂದ ಸತ್ತ ವರದಿ ಇಲ್ಲ, ಆದರೆ ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕ್ ಶುಚಿ ಮಾಡುವಾಗ ಸತ್ತವರು 941 ಜನ!

ನೋಡಿದಿರಾ ಆಟ? ಸುಳ್ಳು ಅನ್ನುವ ಹಾಗಿಲ್ಲ, ನಿಜ ಅನ್ನುವ ಹಾಗೂ ಇಲ್ಲ. ಹೆಣಗಳು ಇವೆ, ಆದರೆ ಕೇಳಿದ ಹೆಸರಿನ ಕೆಳಗೆ ಇಲ್ಲ. ಬೇರೆ ಹೆಸರಿನ ಕೆಳಗೆ ಇವೆ. ಬೇರೆ ಹೆಸರು ಹಿಡಿದು ಕೇಳಿದರೆ ಸಿಗುತ್ತವೆ, ಈ ಹೆಸರು ಹಿಡಿದು ಕೇಳಿದರೆ ಸಿಗುವುದಿಲ್ಲ. ಹಸಿವಿನಿಂದ ಸತ್ತವನನ್ನು ಜ್ವರದಿಂದ ಸತ್ತ ಅಂತ ಬರೆದುಕೊಳ್ಳುವ ಹಳೇ ಶಾನುಭೋಗರ ಬುದ್ಧಿ ಇದು. ಲೆಕ್ಕಣಿಕೆ ಮಾತ್ರ ಹೊಸದು.

ಈ ಎರಡು ಹೆಸರು ಎಲ್ಲಿಂದ ಬಂದವು ಅನ್ನುವುದನ್ನು ನಮ್ಮ ಜನ ತಿಳಿಯಬೇಕು. ಯಾಕೆಂದರೆ ಇವನ್ನು ಹುಟ್ಟಿಸಿದ್ದು ಸಂಸತ್ತೇ.

1993ರಲ್ಲಿ ಸಂಸತ್ತು ಮೊದಲ ಕಾಯ್ದೆ ಮಾಡಿತು. ಅದು ಬಾಚುವ ಕಕ್ಕಸುಗಳ ಮೇಲಿನ ಕಾಯ್ದೆ. ಜಾರಿಗೆ ಬಂದದ್ದು 1997ರ ಜನವರಿ 26ಕ್ಕೆ. ಮೊದಲು ಒಪ್ಪಿಕೊಂಡ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ತಪ್ಪಿಗೆ ಒಂದು ವರ್ಷದವರೆಗೆ ಜೈಲು ಇಲ್ಲವೇ ಎರಡು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಅದಕ್ಕೂ ಎಷ್ಟೋ ಮುಂಚೆ, 1970ರ ದಶಕದಲ್ಲೇ, ನಮ್ಮ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ತಲೆಯ ಮೇಲೆ ಮಲ ಹೊರುವುದನ್ನು ಈ ರಾಜ್ಯದಲ್ಲಿ ನಿಷೇಧಿಸಿದ್ದರು. 1973ರಲ್ಲಿ ಬೂಸಾ ಅಂದದ್ದಕ್ಕೆ ಅವರ ಮೇಲೆ ಕಲ್ಲು ಹಿಡಿದು ಬೀದಿಗೆ ಬಂದವರು, ಮಲದ ಬುಟ್ಟಿ ಕೆಳಗಿಳಿಸಿದ್ದಕ್ಕೆ ಅವರಿಗೆ ಒಂದು ಹೂವೂ ಕೊಟ್ಟವರಲ್ಲ.

1993ರ ಕಾಯ್ದೆ ಸಾಲದು ಅಂತ ಇನ್ನೊಂದು ಬಂತು. 2013ರ ಸೆಪ್ಟೆಂಬರ್ 6ಕ್ಕೆ ಲೋಕಸಭೆ, ಮಾರನೇ ದಿನ ರಾಜ್ಯಸಭೆ ಅದನ್ನು ಪಾಸು ಮಾಡಿದವು. ಜಾರಿಗೆ ಬಂದದ್ದು ಡಿಸೆಂಬರ್ 6ಕ್ಕೆ, ಬಾಬಾಸಾಹೇಬರು ನಮ್ಮನ್ನು ಅಗಲಿದ ದಿನ. ಒಳ್ಳೇ ದಿನವನ್ನೇ ಆರಿಸಿದರು. ಕಾಯ್ದೆಯಲ್ಲಿ ಒಳ್ಳೆಯದೂ ಇದೆ. ಅದರ ಕೆಳಗಿನ ಅಪರಾಧಕ್ಕೆ ಜಾಮೀನು ಸುಲಭವಲ್ಲ. ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಅಪಾಯಕರವಾಗಿ ಜನ ಇಳಿಸುವುದನ್ನು ಅದರ 7ನೇ ಕಲಂ ನಿಷೇಧಿಸುತ್ತದೆ. 9ನೇ ಕಲಂ ಮೊದಲ ಸಲದ ತಪ್ಪಿಗೆ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ ಅನ್ನುತ್ತದೆ.

ಆದರೆ ವ್ಯಾಖ್ಯೆಯ ಕಲಂ ಓದಿ. ಅಲ್ಲಿ ಒಂದೇ ಕೆಲಸವನ್ನು ಸೀಳಿ ಎರಡು ಮಾಡಿದ್ದಾರೆ. ಬಾಚುವ ಕಕ್ಕಸಿನಲ್ಲಿ, ಅದರ ಮಲ ಬೀಳುವ ತೆರೆದ ಚರಂಡಿ ಅಥವಾ ಗುಂಡಿಯಲ್ಲಿ, ರೈಲು ಹಳಿಯ ಮೇಲೆ ಕೈಯಿಂದ ಮಲ ಎತ್ತುವವನು ‘ಮಲ ಬಾಚುವವನು’. ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ರಕ್ಷಣಾ ಸಲಕರಣೆ ಇಲ್ಲದೆ ಇಳಿದವನು ಮಾಡಿದ್ದು ‘ಅಪಾಯಕಾರಿ ಶುಚಿಗೊಳಿಸುವಿಕೆ’. ಇವನು ಬೇರೆ, ಅವನು ಬೇರೆ. ಜೊತೆಗೆ ಒಂದು ವಿವರಣೆ: ಸಲಕರಣೆ, ಕವಚ ಕೊಟ್ಟು ಮಾಡಿಸಿದರೆ ಅವನನ್ನು ಮಲ ಬಾಚುವವನು ಅಂತ ತಿಳಿಯತಕ್ಕದ್ದಲ್ಲ. ಕೈಗೆ ಒಂದು ಜೊತೆ ಗ್ಲೌಸು ಕೊಟ್ಟರೆ ಪಟ್ಟಿಯಿಂದ ಹೆಸರು ಹಾರಿಹೋಗಲು ದಾರಿ ಸಿಕ್ಕಿತು. ಪಟ್ಟಿಯಲ್ಲಿ ಹೆಸರಿದ್ದವರಿಗೆ ಪುನರ್ವಸತಿಯ ನಲವತ್ತು ಸಾವಿರ ರೂಪಾಯಿ. ಹೆಸರಿಲ್ಲದವನಿಗೆ? ಮತ್ತೆ ಮ್ಯಾನ್‌ಹೋಲು.

ಬಂಧುಗಳೇ, ಮ್ಯಾನ್‌ಹೋಲಿನೊಳಗೆ ವ್ಯಾಖ್ಯೆ ಇರುವುದಿಲ್ಲ. ಗಾಳಿ ಇರುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನ್ನುವ ಗಾಳಿ. ಹೆಚ್ಚಿದ್ದರೆ ಅದು ಮೊದಲು ಮೂಗನ್ನೇ ಕೊಲ್ಲುತ್ತದೆ. ವಾಸನೆ ಹೋಯಿತು, ಇನ್ನೇನು ಪರವಾಗಿಲ್ಲ ಅಂತ ಇಳಿದವನು ಎರಡು ಉಸಿರಿಗೆ ಕುಸಿಯುತ್ತಾನೆ. ಮೇಲಿದ್ದವನು ‘ಅಯ್ಯೋ ನಮ್ಮಣ್ಣ’ ಅಂತ ಹಾರುತ್ತಾನೆ. ಅವನ ಹಿಂದೆ ಇನ್ನೊಬ್ಬ. ಅದಕ್ಕೇ ಈ ಸಾವುಗಳು ಎರಡು, ಮೂರು ಅಂತ ಒಟ್ಟಿಗೇ ಬರುತ್ತವೆ. ಆ ಗಾಳಿ ಹುಟ್ಟುವುದು ಮಲದಿಂದಲೇ. ಬುಟ್ಟಿಯಲ್ಲಿದ್ದರೂ ಮಲ, ಪೈಪಿನಲ್ಲಿದ್ದರೂ ಮಲ. ಬುಟ್ಟಿ ಹೊತ್ತವನ ಮಗನೇ ಪೈಪಿಗೆ ಇಳಿದದ್ದು. ಊರಿಗೆ ಯುಜಿಡಿ ಬಂತು, ಫ್ಲಷ್ಷು ಬಂತು, ಊರು ಬದಲಾಯಿತು. ಇಳಿಯುವ ಜಾತಿ ಬದಲಾಯಿತೇ?

ಇದಕ್ಕೂ ಸಂಸತ್ತಿನ ಕಾಗದವೇ ಸಾಕ್ಷಿ. 2021ರ ಡಿಸೆಂಬರಿನಲ್ಲಿ ಅದೇ ಖಾತೆ ರಾಜ್ಯಸಭೆಗೆ ಕೊಟ್ಟ ಲೆಕ್ಕ ಇದು: ಗುರುತಿಸಿದ ಮಲ ಬಾಚುವವರು 58,098. ಅದರಲ್ಲಿ ಜಾತಿಯ ವಿವರ ಸಿಕ್ಕವರು 43,797. ಪರಿಶಿಷ್ಟ ಜಾತಿಯವರು 42,594, ಪರಿಶಿಷ್ಟ ಪಂಗಡದವರು 421, ಹಿಂದುಳಿದ ವರ್ಗದವರು 431, ಉಳಿದವರು 351. ನೂರಕ್ಕೆ ತೊಂಬತ್ತೇಳು ನಮ್ಮವರು. ಮೀಸಲಾತಿಯಿಂದ ದೇಶ ಹಾಳಾಯಿತು ಅನ್ನುವ ಮಹನೀಯರು ಈ ಮೀಸಲಾತಿಯ ಬಗ್ಗೆ ಬಾಯಿ ಬಿಟ್ಟದ್ದನ್ನು ನಾವಂತೂ ಕೇಳಿಲ್ಲ.

ಈಗ ಒಂದು ಕಹಿ ಮಾತು. ಆ ಜುಲೈ 28ರಂದು ಪ್ರಶ್ನೆ ಕೇಳಿದ ಇಬ್ಬರೂ ನಮ್ಮವರು. ಉತ್ತರಕ್ಕೆ ರುಜು ಹಾಕಿದವರೂ ನಮ್ಮವರೇ, ಮಹಾರಾಷ್ಟ್ರದ ದಲಿತ ಪ್ಯಾಂಥರ್ ಚಳವಳಿಯಿಂದ ಬಂದವರು. ಇನ್ನೂ ಹೇಳಬೇಕೆಂದರೆ, ಆ ವ್ಯಾಖ್ಯೆಯ ಕಾಯ್ದೆ ಪಾಸಾದ 2013ರಲ್ಲಿ ಇದ್ದದ್ದು ಖರ್ಗೆಯವರ ಪಕ್ಷದ ಸರ್ಕಾರ. ಅವರೇ ಆಗ ರೈಲ್ವೆ ಸಚಿವರು. ಆದ್ದರಿಂದ ಒಂದು ಪಕ್ಷವನ್ನು ಬೈದು, ಇನ್ನೊಂದು ಪಕ್ಷಕ್ಕೆ ಜೈ ಅಂದು ಮನೆಗೆ ಹೋಗುವ ವಿಷಯ ಇದಲ್ಲ. ನಮ್ಮವರು ಅಲ್ಲಿ ಹೋಗಿ ಕೂರಬೇಕು, ನಿಜ. ಅಷ್ಟಕ್ಕಾಗಿಯೇ ಬಾಬಾಸಾಹೇಬರು ಜೀವ ತೇಯ್ದರು. ಆದರೆ ಕೂತವರ ಕೈಗೆ ಕೊಡುವ ಕಾಗದದಲ್ಲಿ ಯಾವ ಪದ ಇದೆ, ಅದನ್ನು ಬರೆದ ಗುಮಾಸ್ತ ಯಾರ ಲೆಕ್ಕ ಹಿಡಿದು ಬರೆದ, ಅದನ್ನೂ ನೋಡಬೇಕು. ಹೊರಗೆ ಚಳವಳಿ ಮಲಗಿದ್ದರೆ ಒಳಗೆ ಕೂತವನು ಗುಮಾಸ್ತ ಕೊಟ್ಟದ್ದನ್ನು ಓದುತ್ತಾನೆ. ನಾವು ಮಲಗಿದ್ದೆವೇ? ನಮ್ಮನ್ನೇ ಕೇಳಿಕೊಳ್ಳೋಣ.

ಪದದ ಜಗಳ ಹೊಸದಲ್ಲ. 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ಅಸ್ಪೃಶ್ಯತೆ ಅಳಿಸುವ ಅನುಚ್ಛೇದ ಬಂದಾಗ ಕೆ.ಟಿ. ಷಾ ಎದ್ದು, ‘ಅಸ್ಪೃಶ್ಯತೆ’ ಅಂದರೇನೆಂದು ಎಲ್ಲೂ ವ್ಯಾಖ್ಯೆ ಇಲ್ಲವಲ್ಲ ಎಂಬ ಪ್ರಶ್ನೆ ಎತ್ತಿದರು. ಸಭೆ ವ್ಯಾಖ್ಯೆ ಇಲ್ಲದೆಯೇ ಅದನ್ನು ಒಪ್ಪಿತು. ಇಂದಿನ 17ನೇ ಅನುಚ್ಛೇದ ಅದೇ. ಯಾವ ರೂಪದಲ್ಲಿ ಆಚರಿಸಿದರೂ ನಿಷೇಧ ಅನ್ನುತ್ತದೆ. ‘ಯಾವ ರೂಪದಲ್ಲಿ ಆದರೂ’ ಎಂಬ ಆ ಮಾತು ನಮಗೆ ಬಾಗಿಲು ತೆರೆದಿಟ್ಟಿದೆ. 2013ರ ವ್ಯಾಖ್ಯೆ ಅದೇ ಬಾಗಿಲನ್ನು ಅರ್ಧ ಮುಚ್ಚಿತು. ಸತ್ತವರು ಹೊರಗುಳಿದರು.

ಸುಪ್ರೀಂ ಕೋರ್ಟು ಈ ಆಟ ಆಡಲಿಲ್ಲ ಅನ್ನುವುದನ್ನು ಮರೆಯಬಾರದು. ಸಫಾಯಿ ಕರ್ಮಚಾರಿ ಆಂದೋಲನದವರು ವರ್ಷಗಟ್ಟಲೆ ನಡೆಸಿದ ಮಲ ಬಾಚುವವರ ಮೊಕದ್ದಮೆಯಲ್ಲೇ, 2014ರ ಮಾರ್ಚ್ 27ರಂದು, 1993ರಿಂದೀಚೆಗೆ ಒಳಚರಂಡಿಯಲ್ಲಿ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೂ ಹತ್ತು ಲಕ್ಷ ಕೊಡಿ ಅಂದಿತು. 2023ರ ಅಕ್ಟೋಬರ್ 20ರಂದು ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಕೋರ್ಟಿಗೆ ಒಂದಾಗಿ ಕಂಡದ್ದು ಖಾತೆಗೆ ಎರಡಾಗಿ ಕಂಡದ್ದು ಹೇಗೆ?

2010ರ ಜುಲೈಯಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ನಮ್ಮ ಭಂಗಿ ಬಂಧುಗಳು ಪುರಸಭೆಯ ಮುಂದೆ ಮೈಗೆ ಮಲ ಬಳಿದುಕೊಂಡು ನಿಂತರು. ಇರುವ ಜಾಗದಿಂದ ಎಬ್ಬಿಸಬೇಡಿ ಅನ್ನಲು ಅವರಿಗೆ ಉಳಿದಿದ್ದ ಭಾಷೆ ಅದೊಂದೇ. ಅರ್ಜಿ ಬರೆದಾಗ ಕಾಣದವರು ಅಂದು ಕಂಡರು. ಕಾಣಿಸಿಕೊಳ್ಳಲು ನಾವು ಅಷ್ಟು ದೂರ ಹೋಗಬೇಕಾದ ದೇಶದಲ್ಲಿ, ಸೊನ್ನೆ ಅಂತ ಬರೆಯುವುದು ಎಷ್ಟು ಸುಲಭ!

ಹಾಗಾದರೆ ಏನು ಮಾಡೋಣ? ದೆಹಲಿಯ ಸೊನ್ನೆ ಹುಟ್ಟುವುದು ದೆಹಲಿಯಲ್ಲಲ್ಲ, ನಮ್ಮ ಊರಿನ ಪೊಲೀಸ್ ಠಾಣೆಯಲ್ಲಿ. ಒಬ್ಬ ಸತ್ತ ರಾತ್ರಿ ಗುತ್ತಿಗೆದಾರ ಬರುತ್ತಾನೆ, ಮೇಸ್ತ್ರಿ ಬರುತ್ತಾನೆ. ‘ಆಗಿದ್ದು ಆಗೋಯ್ತು ಕಣಮ್ಮ, ಇದನ್ನ ಇಟ್ಕೋ, ಹೆಬ್ಬೆಟ್ಟು ಒತ್ತು’ ಅನ್ನುತ್ತಾನೆ. ಠಾಣೆಯಲ್ಲಿ ‘ನಿರ್ಲಕ್ಷ್ಯದಿಂದ ಆದ ಸಾವು’ ಅಂತ ಬರೆದುಕೊಳ್ಳುತ್ತಾರೆ, ಇಲ್ಲವೇ ಕಾಲು ಜಾರಿ ಬಿದ್ದ ಅಂತ. ಅಲ್ಲಿ ಕಾಲು ಜಾರಿದವನು ಮೇಲಿನ ಎಲ್ಲ ಲೆಕ್ಕದಲ್ಲೂ ಜಾರುತ್ತಾ ಹೋಗಿ, ಕೊನೆಗೆ ಸಂಸತ್ತಿನಲ್ಲಿ ಸೊನ್ನೆಯಾಗುತ್ತಾನೆ.

ಆದ್ದರಿಂದ ಪ್ರತಿ ಶಾಖೆಯವರೂ ಇದನ್ನು ಬರೆದಿಟ್ಟುಕೊಳ್ಳಿ. ಸುದ್ದಿ ಬಂದ ಕೂಡಲೇ ಠಾಣೆಗೆ ಹೋಗಿ. ಎಫ್‌ಐಆರಿನಲ್ಲಿ 2013ರ ಕಾಯ್ದೆಯ 7 ಮತ್ತು 9ನೇ ಕಲಂ ಇರಲೇಬೇಕು. ಸತ್ತವರು ಪರಿಶಿಷ್ಟರಾದರೆ ದೌರ್ಜನ್ಯ ತಡೆ ಕಾಯ್ದೆಯ 3(1)(ಜೆ) ಕಲಮನ್ನೂ ಹಾಕಿ ಅಂತ ಪಟ್ಟು ಹಿಡಿಯಿರಿ. ಪರಿಶಿಷ್ಟರಿಂದ ಮಲ ಬಾಚಿಸುವುದೇ ದೌರ್ಜನ್ಯ ಅಂತ 2016ರ ಜನವರಿ 26ರಿಂದ ಜಾರಿಯಲ್ಲಿರುವ ಕಲಂ ಅದು. ಇದು ಮಲ ಬಾಚುವುದಲ್ಲ, ಬರೀ ಚರಂಡಿ ಕೆಲಸ ಅಂತ ಯಾರಾದರೂ ಅಂದರೆ, ಆ ಮಾತನ್ನೇ ಬರೆದು ರುಜು ಹಾಕಿ ಕೊಡಿ ಅನ್ನಿ. ಇಳಿಸಿದವರು ಯಾರು, ಫೋನು ಮಾಡಿದವರು ಯಾರು, ಗುತ್ತಿಗೆ ಕೊಟ್ಟ ಮಾಲೀಕ ಅಥವಾ ಇಲಾಖೆ ಯಾವುದು, ಎಲ್ಲವನ್ನೂ ಬರೆಸಿ. ಮರಣೋತ್ತರ ವರದಿಯ ನಕಲು ತೆಗೆದುಕೊಳ್ಳಿ. ರಾಜಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಬಿಡಬೇಡಿ. ಮೂವತ್ತು ಲಕ್ಷ ಯಾರ ಭಿಕ್ಷೆಯೂ ಅಲ್ಲ, ಕೋರ್ಟಿನ ಆದೇಶ.

ಹಾಗೆಯೇ ನಮ್ಮ ಸಂಸದರನ್ನು ಕೇಳಿ, ಅವರು ಯಾವ ಪಕ್ಷದವರೇ ಆಗಿರಲಿ: ಕಾಯ್ದೆಯ ವ್ಯಾಖ್ಯೆ ತಿದ್ದಿ, ಒಳಚರಂಡಿಗೆ ಇಳಿಯುವವನನ್ನೂ ಅದೇ ಹೆಸರಿನೊಳಗೆ ಸೇರಿಸಲು ನೀವು ಏನು ಮಾಡಿದಿರಿ? ಒಂದು ಖಾಸಗಿ ಮಸೂದೆ ತಂದಿರಾ? ಒಂದು ಪ್ರಶ್ನೆ ಕೇಳಿದಿರಾ? 2023ರಲ್ಲಿ ‘ನಮಸ್ತೆ’ ಅನ್ನುವ ಹೆಸರಿನ ಯೋಜನೆ ಬಂತು, ಒಳಚರಂಡಿ ಕೆಲಸಗಾರರನ್ನು ಪಟ್ಟಿ ಮಾಡುವುದಾಗಿ ಹೇಳಿತು. ನಮಗೆ ನಮಸ್ಕಾರ ಬೇಡ. ಮೆಷಿನ್ ಇಳಿಸಿ, ಮನುಷ್ಯನನ್ನು ಇಳಿಸಬೇಡಿ. ಅಷ್ಟು ಸಾಕು.

ಬದುಕಿದ್ದಾಗ ಊರಿನ ಲೆಕ್ಕಕ್ಕೆ ನಾವು ಇರಲಿಲ್ಲ. ಸತ್ತ ಮೇಲಾದರೂ ಲೆಕ್ಕಕ್ಕೆ ಬರಬೇಡವೇ? ಇನ್ನು ಮುಂದೆ ನಮ್ಮವನೊಬ್ಬ ಸತ್ತರೆ ಅವನ ಹೆಸರನ್ನು, ಅವನನ್ನು ಕೊಂದ ಕೆಲಸದ ಹೆಸರನ್ನು ಸರ್ಕಾರದ ಕಾಗದದಲ್ಲಿ ಬರೆಸದೆ ನಾವು ಠಾಣೆಯ ಮೆಟ್ಟಿಲು ಇಳಿಯುವುದಿಲ್ಲ.

ಜೈ ಭೀಮ್.