ಕಡಲಿಗೆ ಬಸ್ಸು ಬೇಕು

ಕಾಮಸಮುದ್ರದ ಹೆಸರಿನಲ್ಲಿ ಸಮುದ್ರವಿದೆ. ನಮಗಿರುವುದು ಕೆರೆ ಮಾತ್ರ. ನಿಜವಾದ ಕಡಲು ನಾಡಿನ ಆಚೆ ತುದಿಯಲ್ಲಿದೆ. ಅದು ಯಾರ ಸೊತ್ತು?

ನವಮಂಗಳೂರು ಬಂದರಿಗೆ ವಿಹಾರದ ಹಡಗುಗಳು ಬರುತ್ತವೆ. ಬೆಳಿಗ್ಗೆ ಇಳಿದವರು ಸಂಜೆಯೊಳಗೆ ಮರಳಬೇಕು. ಪಣಂಬೂರಿನ ಮರಳದಂಡೆ ಬಂದರಿನ ಮಗ್ಗುಲಲ್ಲೇ ಇದೆ. ಆದರೆ ಸೇಂಟ್ ಮೇರೀಸ್ ದ್ವೀಪ ನೋಡಬೇಕೆಂದರೆ ಉಡುಪಿಗೊಂದು ಬಸ್ಸು, ಮಲ್ಪೆಗೆ ಇನ್ನೊಂದು, ಆಮೇಲೆ ದೋಣಿ. ಒಂದು ತಪ್ಪಿದರೆ ಹಡಗು ಕಾಯುವುದಿಲ್ಲ. ಆದ್ದರಿಂದ ಕಾಸುಳ್ಳವರು ಕಾರು ಹಿಡಿಯುತ್ತಾರೆ.

ದುಡಿಯುವವನ ಕಷ್ಟವೂ ಇದೇ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುವ ನಮ್ಮವರಿಗೆ ಎರಡು ದಿನದ ರಜೆ ಸಿಕ್ಕರೆ ಅದೇ ಹಬ್ಬ. ಅವರಿಗೂ ಗಡಿಯಾರವೇ ಯಜಮಾನ. ಕಾರಿನ ಬಾಡಿಗೆಗೆ ಮಾತ್ರ ಕಾಸಿಲ್ಲ. 2023ರ ಜೂನ್ 11ರಿಂದ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತ, ಸರಿ. ಆದರೆ ಕರಾವಳಿಯಲ್ಲಿ ಓಡುವವು ಹೆಚ್ಚಾಗಿ ಖಾಸಗಿ ಬಸ್ಸುಗಳು. ಸರ್ಕಾರಿ ಬಸ್ಸೇ ಬಾರದ ದಾರಿಯಲ್ಲಿ ಆ ಹಕ್ಕಿನಿಂದ ಬಂದ ಭಾಗ್ಯವೇನು?

ನಮ್ಮ ಒತ್ತಾಯವಿಷ್ಟೆ: ಬಂದರಿನ ಬಾಗಿಲಿನಿಂದಲೂ ಉಡುಪಿ ರೈಲು ನಿಲ್ದಾಣದಿಂದಲೂ ಮಲ್ಪೆಗೆ ನೇರ ಸರ್ಕಾರಿ ಬಸ್ಸು ಓಡಲಿ. ಬಸ್ಸಿನ ವೇಳೆ ದೋಣಿಯ ವೇಳೆಗೆ ಹೊಂದಲಿ. ದರವನ್ನು ಹಲಗೆಯ ಮೇಲೆ ಬರೆದು ತೂಗುಹಾಕಲಿ. ಕಡಲಿನಲ್ಲಿ ಮೇಲ್ದರ್ಜೆ, ಕೆಳದರ್ಜೆ ಎಂಬುದಿಲ್ಲ. ಅದರ ದಾರಿಯಲ್ಲೂ ಇರಬಾರದು.