ಹಂಚಬೇಕಾದದ್ದು ಜಾಗ, ಕೀಲಿಕೈ ಅಲ್ಲ

ಡಾ. ಫ.ಗು. ಹಳಕಟ್ಟಿಯವರು ವಚನಗಳ ತಾಡೋಲೆ ಹುಡುಕಿಕೊಂಡು ಊರೂರು ಅಲೆದದ್ದು ನಮಗೆಲ್ಲ ಗೊತ್ತಿದೆ. ನಮ್ಮ ಪಕ್ಕದ ರಬಕವಿ-ಬನಹಟ್ಟಿ ಭಾಗದಲ್ಲಿಯೂ ಅವರು ಅಂಥ ಕಟ್ಟುಗಳನ್ನು ಕಂಡಿದ್ದರು. ಎಷ್ಟೋ ಮನೆಗಳಲ್ಲಿ ಆ ಕಟ್ಟುಗಳಿಗೆ ಪೂಜೆ ಇತ್ತು, ಓದು ಇರಲಿಲ್ಲ. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚಾಗಿ ಬಂದಾಗ ಒಬ್ಬರ ಜಗಲಿಯಲ್ಲಿದ್ದದ್ದು ಎಲ್ಲರದಾಯಿತು. ಅಚ್ಚಿನ ಕೆಲಸಕ್ಕಾಗಿ ಅವರು ತಮ್ಮ ಮನೆಯನ್ನೇ ಮಾರಿದರು.

ಇಂದು ನಮ್ಮ ಮನೆಗಳ ಕಟ್ಟು ಮೊಬೈಲಿನಲ್ಲಿದೆ. ಹೊಲದ ಉತಾರ, ಕಬ್ಬಿನ ಬಿಲ್ಲು, ಮಕ್ಕಳ ಅಂಕಪಟ್ಟಿ, ಮದುವೆಯ ಫೋಟೊ, ಲಿಂಗೈಕ್ಯರಾದ ಹಿರಿಯರ ದನಿ ಎಲ್ಲವೂ ಅಲ್ಲಿಯೇ. ನಮ್ಮ ತೇರದಾಳದಲ್ಲಿ ನಾನು ಕಾಣುವುದೇನೆಂದರೆ, ಬಹಳ ಮನೆಗಳಲ್ಲಿ ಇದೆಲ್ಲ ಒಬ್ಬನೇ ಮಗನ ಅಥವಾ ಯಜಮಾನನ ಖಾತೆಯಲ್ಲಿರುತ್ತದೆ. ತಾಯಂದಿರ ಖಾತೆಯನ್ನು ಮೊಬೈಲ್ ಅಂಗಡಿಯ ಹುಡುಗ ತೆರೆದಿರುತ್ತಾನೆ. ಪಾಸ್‌ವರ್ಡ್ ಏನೆಂದು ಅವರಿಗೇ ಗೊತ್ತಿರುವುದಿಲ್ಲ. ಯಜಮಾನ ಹೋದ ದಿನ ಆ ಪೆಟ್ಟಿಗೆಗೆ ಬೀಗ ಬೀಳುತ್ತದೆ.

ಇದಕ್ಕೆ ಕಂಪನಿಗಳೇ ಒಂದು ದಾರಿ ಮಾಡಿವೆ. ಗೂಗಲ್ ಒಂದು ಖಾತೆಗೆ 15 ಜಿಬಿ ಜಾಗವನ್ನು ಉಚಿತವಾಗಿ ಕೊಡುತ್ತದೆ. 2021ರ ಜೂನ್ 1ರಿಂದ ನಾವು ಏರಿಸುವ ಫೋಟೊಗಳೂ ಇದರ ಲೆಕ್ಕಕ್ಕೇ ಬರುವುದರಿಂದ ಅದು ಬೇಗ ತುಂಬುತ್ತದೆ. ಒಬ್ಬರು ಹಣ ಕೊಟ್ಟು ಹೆಚ್ಚಿನ ಜಾಗ ಪಡೆದರೆ ಮನೆಯ ಇನ್ನೂ ಐವರು ಅದನ್ನು ಬಳಸಬಹುದು. ಆ್ಯಪಲ್‌ನಲ್ಲಿಯೂ ಆರು ಜನರ ಕುಟುಂಬಕ್ಕೆ ಇಂಥ ವ್ಯವಸ್ಥೆ ಇದೆ. ಇಲ್ಲಿ ಹಂಚಿಕೆಯಾಗುವುದು ಜಾಗ ಮಾತ್ರ. ಸೊಸೆಯ ಪತ್ರ ಮಾವನಿಗೆ ಕಾಣುವುದಿಲ್ಲ, ಮಗನ ಫೋಟೊ ತಂದೆಗೆ ಕಾಣುವುದಿಲ್ಲ. ತಾವೇ ತೋರಿಸಿದರೆ ಮಾತ್ರ ಕಾಣುತ್ತದೆ.

“ಒಂದೇ ಮನೆಯವರಲ್ಲಿ ಗುಟ್ಟೇನು? ಎಲ್ಲರಿಗೂ ಒಂದೇ ಪಾಸ್‌ವರ್ಡ್ ಸಾಕು” ಎಂದು ಕೆಲ ಹಿರಿಯರು ಹೇಳುತ್ತಾರೆ. ಅವರ ಮಾತಿನಲ್ಲಿ ಪ್ರೀತಿ ಇದೆ, ಒಪ್ಪುತ್ತೇನೆ. ಆದರೆ ಬಸವಾದಿ ಶರಣರು ನಮಗೆ ಕೊಟ್ಟ ಕ್ರಮ ಬೇರೆ. ಇಷ್ಟಲಿಂಗ ಹೆಣ್ಣಿಗೂ ಗಂಡಿಗೂ ಅವರವರ ಅಂಗೈಯಲ್ಲಿ. ಗಂಡನ ಪೂಜೆ ಹೆಂಡತಿಯ ಪೂಜೆಯಾಗುವುದಿಲ್ಲ. ದಾಸೋಹ ಮಾತ್ರ ಎಲ್ಲರಿಗೂ ಒಂದೇ ಪಂಕ್ತಿ. ಸ್ವಂತದ್ದು ಯಾವುದು, ಎಲ್ಲರದು ಯಾವುದು ಎಂಬ ಈ ವಿವೇಕವೇ ಇಲ್ಲಿಯೂ ಬೇಕು. ಒಂದೇ ಪಾಸ್‌ವರ್ಡ್ ಎಂದರೆ, ಕೊನೆಗೆ, ಅದನ್ನು ಬದಲಿಸಬಲ್ಲವನ ಯಜಮಾನಿಕೆ. ಅದರಿಂದ ಮೊದಲು ನಷ್ಟವಾಗುವುದು ಮನೆಯ ಹೆಣ್ಣುಮಕ್ಕಳಿಗೆ.

ಇನ್ನು ಕೊಂಡ ವಸ್ತುಗಳ ಮಾತು. ಮೊಬೈಲಿನಲ್ಲಿ ಕೊಂಡ ಪುಸ್ತಕ, ಹಾಡು, ಸಿನಿಮಾ ಬಹುತೇಕ ನಮ್ಮ ಸ್ವತ್ತಲ್ಲ, ಬಳಸಲು ಸಿಕ್ಕ ಅನುಮತಿ ಅಷ್ಟೇ. 2009ರಲ್ಲಿ ಅಮೆಜಾನ್ ಕಂಪನಿ, ಗ್ರಾಹಕರು ಹಣ ಕೊಟ್ಟು ಕೊಂಡಿದ್ದ ಜಾರ್ಜ್ ಆರ್ವೆಲ್‌ರ ಪುಸ್ತಕಗಳನ್ನು ಅವರ ಕಿಂಡಲ್‌ಗಳಿಂದ ತಾನೇ ಅಳಿಸಿಹಾಕಿತ್ತು. ಆ್ಯಪಲ್‌ನಲ್ಲಿ ವಾರಸುದಾರರೆಂದು ಹೆಸರು ಬರೆಸಿದವರಿಗೂ ತೀರಿಕೊಂಡವರ ಫೋಟೊ, ಕಡತಗಳು ಸಿಗುತ್ತವೆ. ಅವರು ಕೊಂಡ ಹಾಡು, ಪುಸ್ತಕ ಸಿಗುವುದಿಲ್ಲ. ಅಜ್ಜ ಓದಿದ ವಚನದ ಪುಸ್ತಕ ಮೊಮ್ಮಗನ ಕೈಗೆ ಬರುವಂತೆ ಇವು ಬರಲಾರವು. ಆದ್ದರಿಂದ ನಮ್ಮ ಮಠಗಳಿಗೆ, ಪ್ರಕಾಶನಗಳಿಗೆ ನನ್ನ ಬಿನ್ನಹ: ವಚನ ಸಾಹಿತ್ಯವನ್ನು ಬೀಗ ಹಾಕಿದ ರೂಪದಲ್ಲಿ ಮಾರಬೇಡಿ. ‘ವಚನ ಸಂಚಯ’ದಂಥ ಜಾಲತಾಣ ವಚನಗಳನ್ನು ಎಲ್ಲರಿಗೂ ತೆರೆದಿಟ್ಟಿದೆ. ಹಳಕಟ್ಟಿಯವರು ಬಿಚ್ಚಿದ ಕಟ್ಟನ್ನು ನಾವು ಮತ್ತೆ ಕಟ್ಟುವುದು ಬೇಡ.

ಮಠಗಳಿಗೂ ಈ ಎಚ್ಚರ ಬೇಕು. ಪ್ರವಚನದ ಧ್ವನಿಮುದ್ರಣ, ಜಾತ್ರೆಯ ಚಿತ್ರಗಳು ಒಬ್ಬ ಉತ್ಸಾಹಿ ಭಕ್ತರ ಸ್ವಂತ ಖಾತೆಯಲ್ಲಿದ್ದರೆ, ಅವರು ಊರು ಬಿಟ್ಟ ದಿನ ಮಠದ ನೆನಪೂ ಊರು ಬಿಡುತ್ತದೆ. ಮಠದ್ದು ಮಠದ ಖಾತೆಯಲ್ಲೇ ಇರಲಿ, ಇಬ್ಬರಿಗಾದರೂ ಅದರ ಹೊಣೆ ಇರಲಿ.

ಮಾಡಬೇಕಾದ ಕೆಲಸ ದೊಡ್ಡದಲ್ಲ. ಮನೆಯ ಪ್ರತಿಯೊಬ್ಬರಿಗೂ ಅವರದೇ ಖಾತೆ, ಅವರಿಗೇ ಗೊತ್ತಿರುವ ಪಾಸ್‌ವರ್ಡ್. ಎಲ್ಲರಿಗೂ ಬೇಕಾದ ಕಾಗದಪತ್ರ, ಫೋಟೊಗಳಿಗೆ ಎಲ್ಲರೂ ತೆರೆಯಬಲ್ಲ ಒಂದು ಫೋಲ್ಡರ್. ನಮ್ಮ ನಂತರ ಯಾರು ತೆರೆಯಬೇಕೆಂದು ಈಗಲೇ ಬರೆಸುವುದು. ಗೂಗಲ್‌ನಲ್ಲಿ ಹೀಗೆ 10 ಜನರವರೆಗೆ ಹೆಸರಿಸಬಹುದು. ಎರಡು ವರ್ಷ ಯಾರೂ ಮುಟ್ಟದ ಖಾತೆಯನ್ನು ಅಳಿಸುವ ನಿಯಮವನ್ನೂ ಆ ಕಂಪನಿ ಮಾಡಿರುವುದರಿಂದ, ಆಮೇಲೆ ನೋಡೋಣ ಎನ್ನುವಂತಿಲ್ಲ. ಮಹತ್ವದ ಕಾಗದಗಳ ಮೂಲಪ್ರತಿ ಟ್ರಂಕಿನಲ್ಲಿಯೂ ಇರಲಿ.

ತಿಂಗಳ ಶಿವಾನುಭವ ಗೋಷ್ಠಿಯ ನಂತರ ಅರ್ಧ ತಾಸನ್ನು ಇದಕ್ಕೆ ಕೊಡೋಣ. ಕಾಲೇಜಿಗೆ ಹೋಗುವ ಮಕ್ಕಳು ಕಲಿಸಲಿ, ಅಕ್ಕನ ಬಳಗದ ತಾಯಂದಿರು ಮೊದಲು ಕಲಿಯಲಿ. ಕಲಿಸುವ ಮಕ್ಕಳಿಗೆ ಒಂದೇ ಸೂಚನೆ: ಪಾಸ್‌ವರ್ಡ್ ಬರೆಯುವಾಗ ಮುಖ ಆ ಕಡೆ ತಿರುಗಿಸಿ.