ಗಂಟೆ ಹೊಡೆದ ಮೇಲಿನ ಪಾಠ

ಉಪಾಧ್ಯಾಯರನ್ನು ಸರ್ಕಾರ ಪರೀಕ್ಷಿಸುವುದಕ್ಕೆ ಮುಂಚೆಯೇ ಮಕ್ಕಳು ಪರೀಕ್ಷಿಸಿಬಿಡುತ್ತಾರೆ. ಹೊಸದಾಗಿ ಬಂದವರು ಸಿಡುಕುವವರೋ ನಗುವವರೋ, ಹೆಸರು ಹಿಡಿದು ಕರೆಯುವವರೋ ‘ಏ ಹುಡುಗಾ’ ಎನ್ನುವವರೋ ಎಂಬ ಸಮಾಚಾರ ಮೊದಲ ದಿನದ ಮಧ್ಯಾಹ್ನದೊಳಗೆ ಅಂಗಳದಲ್ಲೆಲ್ಲ ಹರಡಿರುತ್ತದೆ. ಈ ಪರೀಕ್ಷೆಗೆ ಪ್ರಶ್ನಪತ್ರಿಕೆಯಿಲ್ಲ. ಮಕ್ಕಳು ಕೊಟ್ಟ ತೀರ್ಪು ಬದಲಾಗುವುದೂ ಅಪೂರ್ವ. ಇದರ ಬಿಸಿ ಎಲ್ಲರಿಗಿಂತ ಹೆಚ್ಚಾಗಿ ತಾಗುವುದು ತರಬೇತಿಗೆಂದು ಶಾಲೆಗೆ ಬರುವ ವಿದ್ಯಾರ್ಥಿ ಉಪಾಧ್ಯಾಯರಿಗೆ.

ಇವರ ಸ್ಥಿತಿ ಬಲು ವಿಚಿತ್ರವಾದುದು. ಕಾಲೇಜಿನಲ್ಲಿ ಶಿಷ್ಯರು, ಶಾಲೆಯಲ್ಲಿ ಗುರುಗಳು. ಒಂದು ಕೈಯಲ್ಲಿ ಪಾಠಯೋಜನೆಯ ದಪ್ಪ ಪುಸ್ತಕ, ಇನ್ನೊಂದರಲ್ಲಿ ಸುರುಳಿ ಸುತ್ತಿದ ಚಾರ್ಟು. ಹಿಂದಿನ ಬೆಂಚಿನಲ್ಲಿ ಅಂಕ ಹಾಕುವ ಮಾರ್ಗದರ್ಶಕರು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಗಳಿಂದ ಬಿ.ಎಡ್. ವ್ಯಾಸಂಗ ಒಂದು ವರ್ಷದಿಂದ ಎರಡು ವರ್ಷಕ್ಕೆ ಬೆಳೆಯಿತು. ಅದರಲ್ಲಿ 20 ವಾರಗಳನ್ನು, ಎಂದರೆ ಮೊದಲ ವರ್ಷ 4, ಎರಡನೆಯ ವರ್ಷ 16 ವಾರಗಳನ್ನು, ಶಾಲಾನುಭವಕ್ಕೆ ಮೀಸಲಿಡಬೇಕೆಂದು ಗೊತ್ತುಮಾಡಲಾಯಿತು. ಲೆಕ್ಕಕ್ಕೆ ಬೇಕಾದಷ್ಟು ಪಾಠಗಳನ್ನು ಒಪ್ಪಿಸಿ ಬಸ್ಸು ಹಿಡಿಯುವುದಷ್ಟೇ ಉದ್ದೇಶವಾಗಿದ್ದರೆ ಇಷ್ಟು ದೀರ್ಘ ಕಾಲ ಏಕೆ ಬೇಕಾಗಿತ್ತು? ಶಾಲೆಯ ಬದುಕನ್ನು ಅರಿಯಲಿ ಎಂಬುದೇ ಇದರ ಆಶಯ. ಆ ಬದುಕಿನಲ್ಲಿ ಒಂದು ದೊಡ್ಡ ಪಾಲು ತರಗತಿಯ ಗೋಡೆಯಿಂದ ಹೊರಗೇ ಇದೆ.

ನಮ್ಮ ರಾಜ್ಯದ ಸರ್ಕಾರಿ ಶಾಲೆಗಳನ್ನೇ ನೋಡಿ. 2002ರಲ್ಲಿ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟ, 2013ರಲ್ಲಿ ಬಂದ ಕ್ಷೀರಭಾಗ್ಯದ ಹಾಲು: ಇವೆರಡೂ ಮಕ್ಕಳೆಲ್ಲ ಒಂದೆಡೆ ಸೇರುವ ಹೊತ್ತುಗಳು. ಆ ಹೊತ್ತಿನಲ್ಲಿ ಸಿಬ್ಬಂದಿಯ ಕೊಠಡಿಯಲ್ಲಿ ಚಾರ್ಟು ಬರೆಯುತ್ತ ಕುಳಿತವರಿಗೆ ಕಾಣದ ಸಂಗತಿಗಳು, ತಟ್ಟೆ ಹಿಡಿದು ಮಕ್ಕಳ ಪಂಕ್ತಿಯಲ್ಲಿ ಕುಳಿತವರಿಗೆ ಕಾಣುತ್ತವೆ. ಬೆಳಗ್ಗೆ ಏನೂ ತಿನ್ನದೆ ಬಂದ ಮಗು ಯಾವುದು, ಯಾರ ಪಕ್ಕದಲ್ಲಿ ಯಾರೂ ಕೂಡುವುದಿಲ್ಲ, ತಂಗಿಗೆ ಉಣ್ಣಿಸಿ ತಾನು ಕೊನೆಗೆ ಉಣ್ಣುವ ಹುಡುಗಿ ಯಾರು—ಇವು ಯಾವ ಹಾಜರಿ ಪುಸ್ತಕದಲ್ಲಿಯೂ ಬರೆದಿರುವುದಿಲ್ಲ. ತರಗತಿಯಲ್ಲಿ ಬಾಯಿ ಬಿಡದ ಹುಡುಗ ಲಗೋರಿಯಲ್ಲಿ ದಳಪತಿಯಾಗಿರುತ್ತಾನೆ. ಹಲಗೆಯ ಮುಂದೆ ಕೂಡುವ ಲೆಕ್ಕಕ್ಕೆ ತಡವರಿಸುವ ಹುಡುಗಿ ಚೌಕಾಬಾರದ ಮನೆಗಳನ್ನು ಕಣ್ಣಳತೆಯಲ್ಲೇ ಎಣಿಸಿ ಕಾಯಿ ನಡೆಸುತ್ತಾಳೆ. ಅವಳಿಗೆ ಲೆಕ್ಕ ಬಾರದೆಂದು ಇನ್ನು ಹೇಳುವುದು ಹೇಗೆ? ಬಾರದಿರುವುದು ಲೆಕ್ಕವಲ್ಲ, ಧೈರ್ಯ. ಇಷ್ಟು ತಿಳಿದ ಮೇಲೆ ಮರುದಿನದ ಪಾಠಯೋಜನೆ ತಾನಾಗಿಯೇ ಬೇರೆಯಾಗುತ್ತದೆ.

ಗುಜರಾತಿನ ಗಿಜುಭಾಯಿ ಬಧೇಕಾ (1885–1939) ಅವರು ವಕೀಲಿ ವೃತ್ತಿಯನ್ನು ಬಿಟ್ಟು ಶಿಶುಶಿಕ್ಷಣಕ್ಕೆ ಬಂದವರು. 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದವರು. ಅವರ ‘ದಿವಾಸ್ವಪ್ನ’ದ ಕಥಾನಾಯಕನೂ ಹೊಸ ಮೇಷ್ಟರೇ. ಮೊದಲ ದಿನ ಅವನು ಬಹಳ ಯೋಚಿಸಿ ಸಿದ್ಧಪಡಿಸಿಕೊಂಡು ಬಂದಿದ್ದ ಮೌನದ ಆಟವನ್ನು ಮಕ್ಕಳು ಗದ್ದಲದಲ್ಲಿ ತೇಲಿಸಿಬಿಡುತ್ತಾರೆ. ಮುಂದೆ ಅವನಿಗೆ ದಾರಿ ತೋರಿಸುವುದು ಬೆತ್ತವಲ್ಲ. ಕಥೆ, ಆಟ, ಊರ ಹೊರಗಿನ ತಿರುಗಾಟ. ಮಕ್ಕಳ ಮನಸ್ಸಿನ ಬಾಗಿಲಿಗೆ ಒಳಗಿನಿಂದಲೇ ಅಗಳಿ ಇರುವುದೆಂದು ಅವನು ಕಂಡುಕೊಂಡ.

ಆದರೆ ಸಲಿಗೆ ಬೇರೆ, ವಿಶ್ವಾಸ ಬೇರೆ. ಮಕ್ಕಳೊಡನೆ ಮಕ್ಕಳಾಗಬೇಕೆಂಬ ಉತ್ಸಾಹದಲ್ಲಿ ತಾವು ದೊಡ್ಡವರೆಂಬುದನ್ನು ಮರೆಯತಕ್ಕದ್ದಲ್ಲ. ಚೂಟಿಯಾದ ನಾಲ್ವರನ್ನು ಮಾತ್ರ ಸುತ್ತ ಕಟ್ಟಿಕೊಂಡರೆ ಉಳಿದ ಮೂವತ್ತು ಮಂದಿ ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳುತ್ತಾರೆ. ಮಾತು ಬಯಲಲ್ಲಿ, ಎಲ್ಲರ ಕಣ್ಣೆದುರಿಗೆ ನಡೆಯಲಿ. ದೂರವಾಣಿಯಲ್ಲಿ ಗುಟ್ಟಾಗಿ ಬೇಡ. ಇನ್ನೂ ಒಂದು ಗಂಭೀರವಾದ ವಿಷಯವುಂಟು. ವಿಶ್ವಾಸ ಬೆಳೆದಂತೆಲ್ಲ ಮಗು ತನ್ನ ದುಃಖವನ್ನು ತೋಡಿಕೊಳ್ಳುತ್ತದೆ. ‘ಯಾರಿಗೂ ಹೇಳಬೇಡಿ, ಅಕ್ಕ’ ಎಂದು ಅದು ಕೇಳಿದಾಗ ಆಣೆಯಿಟ್ಟು ಒಪ್ಪಿಕೊಳ್ಳಬಾರದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದುಬಂದರೆ ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯ್ದೆ ವಿಧಿಸಿದೆ. ಮಕ್ಕಳ ಸಹಾಯವಾಣಿ 1098 ಕೂಡ ಇದೆ. ‘ನಿನಗೆ ನೆರವಾಗಬಲ್ಲವರಿಗೆ ಮಾತ್ರ ಹೇಳುತ್ತೇನೆ’ ಎಂಬುದೇ ಪ್ರಾಮಾಣಿಕವಾದ ಉತ್ತರ. ಮಗು ಆ ಕ್ಷಣ ಮುನಿಯಬಹುದು, ಮೋಸ ಹೋಗುವುದಿಲ್ಲ.

ಕೊನೆಯದಾಗಿ ಅಗಲಿಕೆಯ ಮಾತು. ತರಬೇತಿಯವರು ಬಂದಂತೆಯೇ ಹೋಗುತ್ತಾರೆ. ಹದಿನಾರು ವಾರ ಹೊಂದಿಕೊಂಡ ಮಗುವಿಗೆ ಒಂದು ಸೋಮವಾರ ಆ ಮುಖ ಕಾಣದಿದ್ದರೆ, ದೊಡ್ಡವರ ಪ್ರೀತಿ ಹೇಳದೆ ಕೇಳದೆ ಹೊರಟುಹೋಗುವ ವಸ್ತು ಎಂಬ ಪಾಠ ಮಾತ್ರ ಉಳಿಯುತ್ತದೆ. ಆದುದರಿಂದ ಹೊರಡುವ ದಿನವನ್ನು ಮೊದಲ ವಾರದಲ್ಲೇ ತಿಳಿಸಬೇಕು. ಬರುವೆನೆಂದು ಸುಳ್ಳು ಭರವಸೆ ಕೊಡಬಾರದು. ತಾವು ಕಂಡುಕೊಂಡುದನ್ನು ತರಗತಿಯ ಉಪಾಧ್ಯಾಯರಿಗೆ ಒಪ್ಪಿಸಿ ಹೋಗಬೇಕು. ಚೌಕಾಬಾರದ ಹುಡುಗಿಯ ಜಾಣ್ಮೆ ಉಪಾಧ್ಯಾಯರಿಗೆ ತಿಳಿದುಬಂದರೆ, ಹೊಸಬರು ಹೋದ ಮೇಲೆಯೂ ಅವಳ ಲೆಕ್ಕ ಮುಂದುವರಿಯುತ್ತದೆ. ಮಾರ್ಗದರ್ಶಕರ ಅಂಕಪಟ್ಟಿಯಲ್ಲಿ ಇದಕ್ಕೆ ಕಲಂ ಇಲ್ಲದಿರಬಹುದು. ಆದರೆ ಉಪಾಧ್ಯಾಯ ವೃತ್ತಿಗೆ ತಕ್ಕವರಾರೆಂದು ತಿಳಿಯುವುದು ಇಲ್ಲಿಯೇ.